ನೆಲದಿಂದ ಏಳುವ ಬಲ: ಮನೆಯಲ್ಲಿಯೇ ಬಲವರ್ಧಕ ವ್ಯಾಯಾಮದ ಆರಂಭ

ದಾಸೋಹದ ಪಂಕ್ತಿಯಲ್ಲಿ ಗೋಡೆಯ ಬದಿಗೆ ಹಾಕುವ ಕುರ್ಚಿ-ಮೇಜುಗಳ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿರುವುದನ್ನು ನಾವೆಲ್ಲರೂ ಗಮನಿಸಿದ್ದೇವೆ. ಹಿಂದೆ ಎಪ್ಪತ್ತು ದಾಟಿದ ಹಿರಿಯರು ಮಾತ್ರ ಅಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದರು. ಈಗ ಐವತ್ತರ ಆಸುಪಾಸಿನವರೂ ಸಂಕೋಚಪಡುತ್ತಲೇ ಆ ಕಡೆಗೆ ಸರಿಯುತ್ತಾರೆ. ಕಾರಣ ವಿಚಾರಿಸಿದರೆ ದೊರೆಯುವ ಉತ್ತರ ಬಹುತೇಕ ಒಂದೇ: "ಕೂಡಾಕ ಬರತೈತ್ರಿ, ಏಳಾಕ ಆಗಂಗಿಲ್ಲ."

ಈ ಮಾತಿನಲ್ಲಿ ಶರೀರಶಾಸ್ತ್ರದ ಒಂದು ಮುಖ್ಯ ಸಂಗತಿ ಅಡಗಿದೆ. ಕುಳಿತುಕೊಳ್ಳುವಾಗ ದೇಹದ ಭಾರ ತಾನಾಗಿಯೇ ಕೆಳಗಿಳಿಯುತ್ತದೆ. ಏಳುವಾಗ ಅದೇ ಭಾರವನ್ನು ತೊಡೆಯ ಮತ್ತು ಪೃಷ್ಠದ ಸ್ನಾಯುಗಳು ಮೇಲೆತ್ತಬೇಕು. ಏಳಲಾಗದಿದ್ದಾಗ ನಾವು ಮೊಣಕಾಲನ್ನು ದೂರುತ್ತೇವೆ. ಅನೇಕರಲ್ಲಿ ಮೊಣಕಾಲಿನ ಕೀಲು ಸವೆದಿರುವುದೂ ನಿಜ. ಆದರೆ ಅದರ ಜೊತೆಯಲ್ಲಿಯೇ, ಎಷ್ಟೋ ವೇಳೆ ಅದಕ್ಕಿಂತ ಮೊದಲೇ, ತೊಡೆಯ ಬಲ ಕುಂದಿರುತ್ತದೆ. ಕೀಲಿನ ಸವೆತವನ್ನು ಹಿಂದಿರುಗಿಸುವ ಔಷಧ ಇಂದಿಗೂ ಇಲ್ಲ. ಸ್ನಾಯುವಿನ ಬಲವನ್ನಾದರೋ ಯಾವ ವಯಸ್ಸಿನಲ್ಲಿಯೂ ಮರಳಿ ಗಳಿಸಬಹುದು. ಅದಕ್ಕೆ ಜಿಮ್ಮಿನ ಯಂತ್ರಗಳಾಗಲಿ, ದುಬಾರಿ ಸಲಕರಣೆಗಳಾಗಲಿ ಬೇಕಿಲ್ಲ. ವಾರಕ್ಕೆ ಎರಡು ಮೂರು ಸಲ ಅರ್ಧ ಗಂಟೆಯ ಬಿಡುವು, ಒಂದು ಗಟ್ಟಿ ಕುರ್ಚಿ, ಒಂದು ಗೋಡೆ, ಒಂದೆರಡು ಕೈಚೀಲಗಳಿದ್ದರೆ ಆರಂಭಿಸಬಹುದು. ಹೇಗೆಂಬುದನ್ನು ಈ ಸಂಚಿಕೆಯಲ್ಲಿ ವಿವರಿಸುತ್ತಿದ್ದೇವೆ.

ಸ್ನಾಯು ಸವೆಯುವ ಬಗೆ

ಮೂವತ್ತರ ಪ್ರಾಯ ದಾಟಿದ ಮೇಲೆ ಪ್ರತಿ ಹತ್ತು ವರ್ಷಗಳಿಗೆ ಸ್ನಾಯುಗಳ ಗಾತ್ರ ಶೇಕಡಾ 3ರಿಂದ 8ರಷ್ಟು ಕುಗ್ಗುತ್ತ ಹೋಗುತ್ತದೆಂಬುದು ವೈದ್ಯಶಾಸ್ತ್ರದ ಅಂದಾಜು. ಅರವತ್ತರ ನಂತರ ಇದರ ಗತಿ ಹೆಚ್ಚುತ್ತದೆ. ಗಾತ್ರಕ್ಕಿಂತಲೂ ಬೇಗ ಬಲ ಕುಗ್ಗುತ್ತದೆ. ತೂಕದ ಯಂತ್ರ ಇದನ್ನು ತೋರಿಸುವುದಿಲ್ಲ. ಸ್ನಾಯು ಕಳೆದ ಜಾಗದಲ್ಲಿ ಕೊಬ್ಬು ಸೇರಿಕೊಳ್ಳುವುದರಿಂದ ತೂಕ ಇದ್ದಂತೆಯೇ ಇರುತ್ತದೆ, ಕೆಲವರಲ್ಲಿ ಏರುತ್ತದೆ. ಬಹುಕಾಲ ಇದಕ್ಕೆ ಪ್ರತ್ಯೇಕ ಹೆಸರೇ ಇರಲಿಲ್ಲ. "ವಯಸ್ಸಾಯಿತು" ಎಂಬ ಮಾತಿನಲ್ಲಿ ಎಲ್ಲವೂ ಮುಗಿದುಹೋಗುತ್ತಿತ್ತು. 1989ರಲ್ಲಿ ಅಮೆರಿಕದ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ ಅವರು ಇದಕ್ಕೆ 'ಸಾರ್ಕೋಪೀನಿಯಾ' ಎಂಬ ಹೆಸರನ್ನು ಸೂಚಿಸಿದರು. ಗ್ರೀಕ್ ಭಾಷೆಯಲ್ಲಿ ಮಾಂಸದ ಕೊರತೆ ಎಂಬುದು ಅದರ ಅರ್ಥ. 2016ರಲ್ಲಿ ಅಮೆರಿಕದ ವೈದ್ಯಕೀಯ ವ್ಯವಸ್ಥೆ ಬಳಸುವ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವೂ ದೊರೆಯಿತು.

ಸ್ನಾಯುವೆಂಬುದು ಒಂದೇ ಬಗೆಯ ಎಳೆಗಳ ಕಟ್ಟಲ್ಲ. ಅದರಲ್ಲಿ ಮುಖ್ಯವಾಗಿ ಎರಡು ಬಗೆಯ ಎಳೆಗಳಿವೆ. ಒಂದು ಬಗೆಯವು ನಿಧಾನವಾಗಿ, ದಣಿಯದೆ, ಗಂಟೆಗಟ್ಟಲೆ ಕೆಲಸ ಮಾಡುತ್ತವೆ. ನಿಲ್ಲುವುದಕ್ಕೂ ನಡೆಯುವುದಕ್ಕೂ ಇವು ಸಾಕು. ಇನ್ನೊಂದು ಬಗೆಯವು ಬೇಗ ದಣಿಯುತ್ತವೆ, ಆದರೆ ಥಟ್ಟನೆ ಹೆಚ್ಚಿನ ಬಲ ಕೊಡುತ್ತವೆ. ಭಾರ ಎತ್ತುವಾಗ, ಮೆಟ್ಟಿಲನ್ನು ಬೇಗ ಹತ್ತುವಾಗ, ಬಚ್ಚಲಿನಲ್ಲಿ ಕಾಲು ಜಾರಿದ ಕ್ಷಣದಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವವು ಇವೇ. ವಯಸ್ಸಿನೊಂದಿಗೆ ಹೆಚ್ಚಾಗಿ ಸೊರಗುವವೂ ಇವೇ. ವೃದ್ಧಾಪ್ಯದಲ್ಲಿ ಬಿದ್ದು ಸೊಂಟದ ಕೀಲಿನ ಬಳಿ ಎಲುಬು ಮುರಿದುಕೊಂಡ ಬಳಿಕ ಮೊದಲಿನಂತೆ ಓಡಾಡಲಾಗದೆ ಉಳಿದವರು ನಮ್ಮ ಪ್ರತಿ ಊರಿನಲ್ಲಿಯೂ ಇದ್ದಾರೆ. ಎಲುಬು ಮುರಿದುದು ಬಿದ್ದ ದಿನ. ಆ ಬೀಳುವಿಕೆಯನ್ನು ತಡೆಯಬೇಕಾಗಿದ್ದ ಎಳೆಗಳು ಅದಕ್ಕೆ ಹತ್ತಿಪ್ಪತ್ತು ವರ್ಷ ಮೊದಲೇ ಸೊರಗತೊಡಗಿರುತ್ತವೆ.

ಈ ಎರಡನೆಯ ಬಗೆಯ ಎಳೆಗಳನ್ನು ದೇಹ ಸುಮ್ಮನೆ ಕೆಲಸಕ್ಕೆ ಕರೆಯುವುದಿಲ್ಲ. ಹಗುರ ಕೆಲಸಕ್ಕೆ ಮೊದಲ ಬಗೆಯವು ಸಾಕಾಗುತ್ತವೆ; ಭಾರ ಹೆಚ್ಚಾದಾಗ, ಅಥವಾ ದಣಿವು ಏರಿ ಇನ್ನು ಕೆಲವೇ ಸಲ ಮಾಡಲು ಸಾಧ್ಯ ಎನ್ನಿಸಿದಾಗ ಮಾತ್ರ ಎರಡನೆಯವುಗಳ ಸರದಿ ಬರುತ್ತದೆ. ಪ್ರತಿದಿನ ತಪ್ಪದೆ ನಡೆಯುತ್ತಿದ್ದರೂ ನೆಲದಿಂದ ಏಳಲು ಕಷ್ಟವೇಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೆಳಗಿನ ನಡಿಗೆ ಹೃದಯಕ್ಕೂ ಶ್ವಾಸಕೋಶಕ್ಕೂ ಮನಸ್ಸಿಗೂ ಹಿತಕರವಾದುದು, ಅದನ್ನು ಯಾರೂ ಬಿಡಬಾರದು. ಆದರೆ ಅದು ತೋಳು, ಭುಜ, ಬೆನ್ನುಗಳನ್ನು ಮುಟ್ಟುವುದೇ ಇಲ್ಲ. ತೊಡೆಯ ಬಲವನ್ನೂ ಒಂದು ಮಿತಿಯಾಚೆ ಬೆಳೆಸುವುದಿಲ್ಲ. ಯೋಗಾಸನಗಳ ಬಗ್ಗೆಯೂ ಹೀಗೆಯೇ ಹೇಳಬೇಕು. ಅವು ಮೈಯನ್ನು ಸಡಿಲವಾಗಿಡುತ್ತವೆ, ಸಮತೋಲನ ಕಲಿಸುತ್ತವೆ, ಕೆಲವು ಆಸನಗಳು ಬಲವನ್ನೂ ಬೇಡುತ್ತವೆ. ಆದರೂ ತಿಂಗಳಿಂದ ತಿಂಗಳಿಗೆ ಭಾರ ಏರಿಸುತ್ತ ಹೋಗುವ ಅವಕಾಶ ಅವುಗಳಲ್ಲಿ ಕಡಿಮೆ. ಬಲವರ್ಧಕ ವ್ಯಾಯಾಮದ ಜೀವಾಳವೇ ಆ ಏರಿಕೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇವೆರಡನ್ನು ಬೇರೆ ಬೇರೆಯಾಗಿಯೇ ಹೇಳುತ್ತದೆ. ವಾರಕ್ಕೆ 150ರಿಂದ 300 ನಿಮಿಷಗಳ ನಡಿಗೆಯಂಥ ಚಟುವಟಿಕೆಯ ಜೊತೆಗೆ, ಮುಖ್ಯ ಸ್ನಾಯುಗಳೆಲ್ಲಕ್ಕೂ ಬಲ ಕೊಡುವ ವ್ಯಾಯಾಮವನ್ನು ವಾರದಲ್ಲಿ ಕನಿಷ್ಠ ಎರಡು ದಿನ ಮಾಡಬೇಕೆಂದು ಅದು ವಯಸ್ಕರೆಲ್ಲರಿಗೂ ಸೂಚಿಸಿದೆ. 65 ದಾಟಿದವರು ಸಮತೋಲನ ಮತ್ತು ಬಲವನ್ನು ಬೆಳೆಸುವ ಚಟುವಟಿಕೆಗಳನ್ನು ವಾರಕ್ಕೆ ಮೂರು ದಿನವಾದರೂ ಮಾಡಬೇಕು.

"ನಮ್ಮ ವಯಸ್ಸು ಮುಗಿಯಿತು, ಇನ್ನೇನು ಬಲ ಬಂದೀತು" ಎನ್ನುವವರಿಗೆ ಒಂದು ಪ್ರಯೋಗದ ವಿಷಯ ತಿಳಿಸಬೇಕು. ಅಮೆರಿಕದ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಮರಿಯಾ ಫಿಯಟರೋನ್ ಎಂಬ ವೈದ್ಯೆ ಮತ್ತು ಅವರ ಸಹೋದ್ಯೋಗಿಗಳು 86ರಿಂದ 96 ವರ್ಷ ವಯಸ್ಸಿನ ಹತ್ತು ಜನರಿಗೆ ಎಂಟು ವಾರಗಳ ಕಾಲ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಭಾರವೂ ಹಗುರವಾದುದಾಗಿರಲಿಲ್ಲ. ಒಂಬತ್ತು ಜನ ಕೊನೆಯವರೆಗೆ ಮುಂದುವರಿದರು. ಅವರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಈ ವರದಿ 1990ರಲ್ಲಿ ಪ್ರಕಟವಾದಂದಿನಿಂದ ವೃದ್ಧರ ವ್ಯಾಯಾಮದ ಬಗೆಗಿನ ವೈದ್ಯರ ಅಭಿಪ್ರಾಯವೇ ಬದಲಾಗತೊಡಗಿತು. ಎಂಟೇ ವಾರಗಳಲ್ಲಿ ಸ್ನಾಯುವಿನ ಗಾತ್ರ ಅಷ್ಟೊಂದು ಬೆಳೆಯಲಿಲ್ಲ, ಅದು ಹೆಚ್ಚಿದ್ದು ಶೇಕಡಾ 9ರಷ್ಟು ಮಾತ್ರ. ಉಳಿದ ಬಲ ಬಂದುದು ನರಗಳಿಂದ. ಮಲಗಿದ್ದ ಎಳೆಗಳನ್ನು ಎಬ್ಬಿಸಿ ಒಟ್ಟಿಗೆ ದುಡಿಸುವುದನ್ನು ನರಮಂಡಲ ಮತ್ತೆ ಕಲಿಯಿತು. ಹೊಸದಾಗಿ ಆರಂಭಿಸುವ ಎಲ್ಲರಲ್ಲಿಯೂ ಮೊದಲ ಕೆಲವು ವಾರಗಳಲ್ಲಿ ನಡೆಯುವುದು ಇದೇ. ಕನ್ನಡಿಯಲ್ಲಿ ಬದಲಾವಣೆ ಕಾಣುವುದಕ್ಕೆ ಬಹಳ ಮೊದಲು ಮೆಟ್ಟಿಲ ಮೇಲೆ ಬದಲಾವಣೆ ಅನುಭವಕ್ಕೆ ಬರುತ್ತದೆ.

ಸಕ್ಕರೆ ಕಾಯಿಲೆಯುಳ್ಳವರು ಇನ್ನೊಂದು ಮಾತನ್ನು ತಿಳಿಯಬೇಕು. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ಇನ್ಸುಲಿನ್ ಸಹಾಯದಿಂದ ಒಳಸೇರುವ ಭಾಗದ ಬಹುಪಾಲನ್ನು ತೆಗೆದಿರಿಸಿಕೊಳ್ಳುವುದು ಸ್ನಾಯುಗಳೇ. ಅವು ಸೊರಗಿದಷ್ಟೂ ಸಕ್ಕರೆಯನ್ನು ಇರಿಸುವ ಕಣಜ ಕಿರಿದಾಗುತ್ತದೆ.

ಮನೆಗೆಲಸವೂ ಗರಡಿಯೂ

ಹಿಂದಿನವರು ವ್ಯಾಯಾಮವೆಂದು ಬೇರೆಯಾಗಿ ಏನನ್ನೂ ಮಾಡುತ್ತಿರಲಿಲ್ಲ, ಆದರೂ ಗಟ್ಟಿಯಾಗಿದ್ದರು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅವರ ದಿನಚರಿಯನ್ನು ನೆನೆದರೆ ಮಾತು ಸ್ಪಷ್ಟವಾಗುತ್ತದೆ. ಬೀಸುವ ಕಲ್ಲನ್ನು ತಿರುಗಿಸುವುದು, ಒರಳಿನಲ್ಲಿ ಕುಟ್ಟುವುದು, ಬಾವಿಯಿಂದ ಸೇದುವುದು, ಕೊಡ ಹೊತ್ತು ನಡೆಯುವುದು, ಒಲೆಯ ಮುಂದೆ ನೆಲದಲ್ಲಿ ಕುಳಿತು ರೊಟ್ಟಿ ಬಡಿಯುವುದು, ದಿನಕ್ಕೆ ಇಪ್ಪತ್ತು ಮೂವತ್ತು ಸಲ ಕುಳಿತು ಏಳುವುದು. ಹೊಲದಲ್ಲಿ ಗಂಡಸರ ಕೆಲಸವೂ ಅಷ್ಟೇ. ನಲ್ಲಿ, ಮಿಕ್ಸರ್, ಗ್ಯಾಸಿನ ಒಲೆ, ಮೇಜು, ಸೋಫಾ, ಕಮೋಡ್, ಟ್ರ್ಯಾಕ್ಟರ್, ಬೈಕು ಒಂದೊಂದಾಗಿ ಬಂದು ಈ ದುಡಿಮೆಯನ್ನು ತೆಗೆದುಕೊಂಡವು. ತೆಗೆದುಕೊಂಡುದು ಒಳ್ಳೆಯದೇ ಆಯಿತು. ಬೆಳಗಿನ ಜಾವ ಎದ್ದು ಬೀಸಿದ ತಾಯಂದಿರ ಭುಜದ ನೋವನ್ನು, ಕೊಡ ಹೊತ್ತವರ ಕತ್ತಿನ ಸವೆತವನ್ನು ಬಲ್ಲವರು ಆ ಕಾಲ ಮರಳಿ ಬರಲಿ ಎಂದು ಬಯಸಲಾರರು. ಆದರೆ ಆ ದುಡಿಮೆಯೊಂದಿಗೆ ಮೈಗೆ ದೊರೆಯುತ್ತಿದ್ದ ಬಲವೂ ಹೋಯಿತು. ಅದನ್ನು ಈಗ ಬೇರೆಯಾಗಿ, ಅಳತೆಯಲ್ಲಿ ಗಳಿಸಬೇಕಾಗಿದೆ.

ಅಳತೆಯಲ್ಲಿ ಗಳಿಸುವ ವಿದ್ಯೆ ನಮ್ಮಲ್ಲಿ ಹೊಸದೇನೂ ಅಲ್ಲ. ಗರಡಿಮನೆಗಳಲ್ಲಿ, ಉತ್ತರ ಕರ್ನಾಟಕದ ತಾಲೀಮುಗಳಲ್ಲಿ ಹುಡುಗರು ಮೊದಲು ಹತ್ತು ದಂಡ, ಹತ್ತು ಬೈಠಕ್ ಎಂದು ಆರಂಭಿಸಿ ದಿನಗಳೆದಂತೆ ಎಣಿಕೆ ಏರಿಸುತ್ತಿದ್ದರು. ಹಗುರ ಕರ್ಲಾಕಟ್ಟೆ ಕೈಗೆ ಹಿಡಿತ ಬಂದ ಮೇಲೆಯೇ ಭಾರದ್ದನ್ನು ತಿರುಗಿಸುತ್ತಿದ್ದರು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನನೂ ಮೊದಲ ದಿನವೇ ಅದಕ್ಕೆ ಕೈಯಿಕ್ಕಿದವನಲ್ಲ. ಇಂದಿನ ಜಿಮ್ಮುಗಳಲ್ಲಿ ಹೇಳಿಕೊಡುವ ತತ್ತ್ವವೂ ಇದಕ್ಕಿಂತ ಬೇರೆಯಲ್ಲ. ಗರಡಿಯ ಬಾಗಿಲು ಹೆಚ್ಚಾಗಿ ತರುಣ ಗಂಡಸರಿಗೆ ಮಾತ್ರ ತೆರೆದಿತ್ತು ಎಂಬುದೊಂದು ಕೊರತೆ. ಈ ವ್ಯಾಯಾಮದ ಅಗತ್ಯ ಹೆಚ್ಚಾಗಿರುವುದು ಮುಟ್ಟು ನಿಂತ ನಂತರ ಎಲುಬು ಬೇಗ ಸವೆಯುವ ತಾಯಂದಿರಿಗೆ. ಭಾರ ಬಿದ್ದಲ್ಲಿ ಎಲುಬು ಗಟ್ಟಿಯಾಗುತ್ತದೆ, ಭಾರವಿಲ್ಲದಲ್ಲಿ ಟೊಳ್ಳಾಗುತ್ತದೆ. ಭಾರ ಎತ್ತಿದರೆ ಹೆಣ್ಣುಮಕ್ಕಳ ಮೈ ಪೈಲ್ವಾನರಂತಾಗುತ್ತದೆ ಎಂಬ ಅಂಜಿಕೆ ಅನೇಕರಲ್ಲಿದೆ. ಸ್ನಾಯುವನ್ನು ಹಾಗೆ ಉಬ್ಬಿಸುವ ಟೆಸ್ಟೋಸ್ಟಿರೋನ್ ಎಂಬ ಹಾರ್ಮೋನು ಸ್ತ್ರೀಯರಲ್ಲಿ ಪುರುಷರಿಗಿಂತ ಹಲವು ಪಟ್ಟು ಕಡಿಮೆಯಿರುವುದರಿಂದ ಆ ಅಂಜಿಕೆಗೆ ಆಧಾರವಿಲ್ಲ.

ಮೊದಲು ತಮ್ಮನ್ನು ತಾವು ಅಳೆಯುವುದು

ಆರಂಭಿಸುವ ಮುನ್ನ ಸದ್ಯದ ಬಲವೆಷ್ಟೆಂದು ತಿಳಿದಿರಬೇಕು. ಅದಕ್ಕೊಂದು ಸರಳ ಪರೀಕ್ಷೆಯಿದೆ. ಕೈಗಳಿಲ್ಲದ ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಅದರ ಕಾಲು ಜಾರುತ್ತದೆ. ನಡುಭಾಗದಲ್ಲಿ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಹಿಡಿದು, ಪೂರ್ತಿ ಎದ್ದು ನಿಂತು ಮತ್ತೆ ಕೂಡಬೇಕು. 30 ಸೆಕೆಂಡುಗಳಲ್ಲಿ ಎಷ್ಟು ಸಲ ಎದ್ದಿರಿ ಎಂಬುದನ್ನು ಮನೆಯವರೊಬ್ಬರು ಎಣಿಸಲಿ. 60ರಿಂದ 64 ವಯಸ್ಸಿನ ಪುರುಷರು 14ಕ್ಕಿಂತ, ಸ್ತ್ರೀಯರು 12ಕ್ಕಿಂತ ಕಡಿಮೆ ಸಲ ಎದ್ದರೆ ಅದು ಆ ವಯಸ್ಸಿಗೆ ಸರಾಸರಿಗಿಂತ ಕಡಿಮೆ ಬಲ. 70ರಿಂದ 74ರವರಿಗೆ ಈ ಗಡಿ ಪುರುಷರಲ್ಲಿ 12, ಸ್ತ್ರೀಯರಲ್ಲಿ 10. ಬೀಳುವ ಅಪಾಯ ಯಾರಿಗಿದೆ ಎಂದು ತಿಳಿಯಲು ಆಸ್ಪತ್ರೆಗಳಲ್ಲಿ ಬಳಸುವ ಪರೀಕ್ಷೆಯೂ ಇದೇ. ಕೈ ಊರದೆ ಒಮ್ಮೆಯೂ ಏಳಲಾಗದವರು ಸಂಕೋಚಪಡಬೇಕಿಲ್ಲ. ಸೊನ್ನೆಯನ್ನೇ ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಲಿ.

ಕೆಲವರು ಮಾತ್ರ ಮೊದಲು ವೈದ್ಯರನ್ನು ಕಾಣಲೇಬೇಕು. ಇತ್ತೀಚೆಗೆ ಹೃದಯಾಘಾತವಾದವರು, ನಡೆಯುವಾಗ ಎದೆ ಬಿಗಿಯುವವರು, ಹರ್ನಿಯಾ ಉಳ್ಳವರು, ಕಣ್ಣಿನ ಅಥವಾ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಚ್ಚು ದಿನಗಳಾಗದವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆ ಕೆಟ್ಟವರು, ಎಲುಬು ಟೊಳ್ಳಾಗಿದೆ ಎಂದು ತಿಳಿದಿರುವವರು ಈ ಗುಂಪಿಗೆ ಸೇರುತ್ತಾರೆ. ರಕ್ತದೊತ್ತಡ 180/110ನ್ನು ಮುಟ್ಟಿದ್ದರೆ ಅದು ಹತೋಟಿಗೆ ಬರುವವರೆಗೆ ಈ ವ್ಯಾಯಾಮ ಬೇಡ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಮಾಡಬಾರದು. ತಲೆ ಹಗುರಾದರೆ ತಿನ್ನಲು ಬೆಲ್ಲವನ್ನೋ ಸಕ್ಕರೆಯನ್ನೋ ಹತ್ತಿರ ಇಟ್ಟುಕೊಂಡಿರಬೇಕು.

ಮೊಣಕಾಲು ನೋವಿನವರು ಈ ಪಟ್ಟಿಯಲ್ಲಿಲ್ಲ ಎಂಬುದನ್ನು ಒತ್ತಿ ಹೇಳುತ್ತೇವೆ. ಕೀಲು ಸವೆದಿದೆ ಎಂದು ಕಾಲಿಗೆ ಕೆಲಸ ಕೊಡದಿದ್ದರೆ ತೊಡೆಯ ಸ್ನಾಯು ಸೊರಗುತ್ತದೆ. ಅದು ಸೊರಗಿದಷ್ಟೂ ಕೀಲಿನ ಮೇಲಿನ ಹೊರೆ ಹೆಚ್ಚುತ್ತದೆ, ನೋವೂ ಹೆಚ್ಚುತ್ತದೆ. ಈ ಸುಳಿಯನ್ನು ಬಿಡಿಸಲು ತೊಡೆಯನ್ನು ಬಲಪಡಿಸುವುದು ಮುಖ್ಯ ಚಿಕಿತ್ಸೆಯೆಂದು ಜಗತ್ತಿನ ಕೀಲು ತಜ್ಞರ ಮಾರ್ಗಸೂಚಿಗಳೆಲ್ಲ ಹೇಳುತ್ತವೆ. ನೋವು ಸಹಿಸುವಷ್ಟಿದ್ದು ಮರುದಿನಕ್ಕೆ ಇಳಿದಿದ್ದರೆ ಮುಂದುವರಿಯಬಹುದು.

ಆರಂಭದ ವ್ಯಾಯಾಮಗಳು

ಮೊದಲನೆಯದು, ಮುಖ್ಯವಾದುದು, ಕುರ್ಚಿಯಿಂದ ಏಳುವುದು. ಪರೀಕ್ಷೆಯಲ್ಲಿ ಬೇಗ ಬೇಗ ಎದ್ದಂತೆ ಇಲ್ಲಿ ಏಳಬಾರದು. ಪಾದಗಳನ್ನು ಭುಜದಷ್ಟು ಅಗಲಕ್ಕೆ ಊರಿ, ಅವುಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದುಕೊಂಡು, ಎದೆಯನ್ನು ಮುಂದಕ್ಕೆ ಬಾಗಿಸಿ, ಹಿಮ್ಮಡಿಯಿಂದ ನೆಲವನ್ನು ಒತ್ತುತ್ತ ಏಳಬೇಕು. ಕೂಡುವಾಗ ಮೂರು ಎಣಿಸುವಷ್ಟು ಹೊತ್ತು ನಿಧಾನವಾಗಿ ಇಳಿಯಬೇಕು. ಧೊಪ್ಪನೆ ಕುಳಿತರೆ ಅರ್ಧ ಲಾಭ ಕಳೆದಂತೆ. ಇಳಿಯುವಾಗ ಭಾರವನ್ನು ತಡೆದು ಹಿಡಿಯುವುದೂ ಸ್ನಾಯುವಿಗೆ ದೊಡ್ಡ ಕೆಲಸವೇ. ಮೊಣಕಾಲುಗಳು ಒಳಕ್ಕೆ ವಾಲದೆ ಪಾದದ ಬೆರಳುಗಳ ದಿಕ್ಕಿನಲ್ಲಿಯೇ ಇರಲಿ. ಏಳಲು ಕಷ್ಟವಾಗುವವರು ಕುರ್ಚಿಯ ಮೇಲೆ ಗಟ್ಟಿಯಾದ ದಿಂಬನ್ನೋ ಮಡಚಿದ ಕಂಬಳಿಯನ್ನೋ ಹಾಕಿ ಎತ್ತರಿಸಿಕೊಳ್ಳಲಿ, ಮುಂದೆ ಮೇಜಿಟ್ಟು ಅದರ ಮೇಲೆ ಕೈ ಊರಲಿ. ಸುಲಭವಾದವರು ಕಂಬಳಿ ತೆಗೆಯಲಿ. ಬಳಿಕ ಗಿಡ್ಡ ಸ್ಟೂಲಿಗೆ ಇಳಿಯಲಿ. ಅದೂ ಸುಲಭವಾದಾಗ ಎರಡು ಕಿಲೋ ಜೋಳದ ಚೀಲವನ್ನು ಎದೆಗೆ ಅವಚಿಕೊಂಡು ಏಳಲಿ. ಕುರ್ಚಿಯೇ ಇಲ್ಲದೆ ಅಷ್ಟು ಆಳಕ್ಕೆ ಇಳಿದು ಏಳುವಂತಾದಾಗ ಅದು ಗರಡಿಯ ಬೈಠಕ್ಕೇ ಆಗಿರುತ್ತದೆ.

ಎರಡನೆಯದು ಗೋಡೆಯ ದಂಡ. ಗೋಡೆಯಿಂದ ಒಂದು ಮೊಳ ದೂರ ನಿಂತು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಗೋಡೆಗೆ ಊರಿ, ತಲೆಯಿಂದ ಹಿಮ್ಮಡಿಯವರೆಗೆ ಮೈಯನ್ನು ಹಲಗೆಯಂತೆ ನೇರವಾಗಿಟ್ಟು, ಮೊಣಕೈ ಮಡಚುತ್ತ ಎದೆಯನ್ನು ಗೋಡೆಯ ಬಳಿಗೆ ತಂದು ಮತ್ತೆ ತಳ್ಳಬೇಕು. ಇದು ಸುಲಭವಾದ ಮೇಲೆ ಅಡುಗೆ ಕಟ್ಟೆಗೆ, ನಂತರ ಅಲುಗಾಡದ ಮಂಚದ ಅಂಚಿಗೆ, ಕೊನೆಗೆ ನೆಲಕ್ಕೆ ಕೈ ಇಳಿಸುತ್ತ ಹೋಗಬಹುದು. ಕೈ ಊರುವ ಜಾಗ ತಗ್ಗಿದಷ್ಟೂ ಭಾರ ಹೆಚ್ಚುತ್ತದೆ.

ತಳ್ಳುವುದಕ್ಕೆ ಎದುರಾಗಿ ಎಳೆಯುವುದೂ ಬೇಕು. ಇದನ್ನು ಹೆಚ್ಚಿನವರು ಮರೆಯುತ್ತಾರೆ, ಮೊಬೈಲು ನೋಡುತ್ತ ಗೂನಾಗುವ ಬೆನ್ನಿಗೆ ಬೇಕಾದುದು ಮಾತ್ರ ಇದೇ. ಎಡಗೈಯನ್ನು ಮಂಚದ ಮೇಲೋ ಮೇಜಿನ ಮೇಲೋ ಊರಿ, ಬೆನ್ನನ್ನು ನೇರವಾಗಿಟ್ಟು ಮುಂದಕ್ಕೆ ಬಾಗಿ, ಬಲಗೈಯಲ್ಲಿ ಒಂದು ಲೀಟರಿನ ಎರಡು ನೀರಿನ ಬಾಟಲಿಗಳನ್ನಿಟ್ಟ ಕೈಚೀಲವನ್ನು ಹಿಡಿದು, ಮೊಣಕೈಯನ್ನು ಪಕ್ಕೆಗೆ ತಾಗಿಸುತ್ತ ಹಿಂದಕ್ಕೆ ಎಳೆಯಬೇಕು. ಒಂದು ಲೀಟರ್ ನೀರೆಂದರೆ ಒಂದು ಕಿಲೋ ಆದುದರಿಂದ ಡಂಬೆಲ್ ಕೊಳ್ಳದೆಯೇ ಭಾರದ ಲೆಕ್ಕ ಸಿಗುತ್ತದೆ.

ನಾಲ್ಕನೆಯದು ನೆಲದಿಂದ ಭಾರ ಎತ್ತುವ ಕ್ರಮ. ಬೆನ್ನು ಹಿಡಿದುಕೊಂಡಿತೆಂದು ಹೇಳುವವರಲ್ಲಿ ಅನೇಕರು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಬಕೆಟ್ ಎತ್ತಿದವರು. ಮೊದಲು ಭಾರವಿಲ್ಲದೆ ಕಲಿಯಬೇಕು. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಂತು, ಮೊಣಕಾಲನ್ನು ತುಸುವೇ ಮಡಚಿ, ಪೃಷ್ಠ ಗೋಡೆಗೆ ತಾಗುವವರೆಗೆ ಸೊಂಟವನ್ನು ಹಿಂದಕ್ಕೆ ತಳ್ಳಬೇಕು. ಬೆನ್ನು ನೇರವಾಗಿಯೇ ಇರಬೇಕು. ಇದು ಮೈಗೆ ಒಗ್ಗಿದ ಮೇಲೆ ಸ್ಟೂಲಿನ ಮೇಲಿಟ್ಟ ಚೀಲವನ್ನು, ನಂತರ ನೆಲದ ಮೇಲಿಟ್ಟ ಅರ್ಧ ತುಂಬಿದ ಬಕೆಟನ್ನು ಹೀಗೆಯೇ ಎತ್ತಿ ಇಳಿಸಬೇಕು. ಎತ್ತಿದ ಮೇಲೆ ಎರಡು ಕೈಯಲ್ಲಿಯೂ ಸಮ ಭಾರ ಹಿಡಿದು ಅಂಗಳದಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ ನಡೆದರೆ ಅದೇ ಐದನೆಯ ವ್ಯಾಯಾಮ. ಹಿಡಿತ, ಭುಜ, ಹೊಟ್ಟೆ, ಸೊಂಟ ಎಲ್ಲಕ್ಕೂ ಒಮ್ಮೆಗೇ ಕೆಲಸ.

ಕೊನೆಯಲ್ಲಿ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮತ್ತು ಒಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು. ಇವು ಸಣ್ಣವೆಂದು ಬಿಡಬಾರದು.

ನಾಲ್ಕೈದು ವಾರಗಳ ಬಳಿಕ ನೆಲದಿಂದ ಏಳುವುದನ್ನೇ ಅಭ್ಯಾಸ ಮಾಡಬಹುದು. ಇದರಲ್ಲಿ ಬಲದಷ್ಟೇ ಕ್ರಮವೂ ಮುಖ್ಯ. ಗಟ್ಟಿ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಕುಳಿತುಕೊಳ್ಳಬೇಕು. ಒಂದು ಪಕ್ಕಕ್ಕೆ ಹೊರಳಿ, ಎರಡೂ ಕೈ ಊರಿ, ಕೂಸು ಅಂಬೆಗಾಲಿಡುವ ಭಂಗಿಗೆ ಬರಬೇಕು. ಕೈಗಳನ್ನು ಮಂಚದ ಮೇಲಿಟ್ಟು, ಬಲವುಳ್ಳ ಕಾಲಿನ ಪಾದವನ್ನು ಮುಂದಕ್ಕೆ ಊರಿ, ಇನ್ನೊಂದು ಮೊಣಕಾಲು ನೆಲದಲ್ಲಿರುವಾಗಲೇ ಒಮ್ಮೆ ಉಸಿರು ತೆಗೆದುಕೊಳ್ಳಬೇಕು. ಆಮೇಲೆ ಮುಂದಿನ ಪಾದವನ್ನು ಒತ್ತಿ ಏಳಬೇಕು. ಮೊದಲು ದಿನಕ್ಕೆ ಎರಡೇ ಸಲ ಸಾಕು. ವಾರಗಳು ಕಳೆದಂತೆ ಮಂಚದ ಮೇಲೆ ಎರಡು ಕೈಗಳ ಬದಲು ಒಂದು ಕೈ, ನಂತರ ಕೈಯನ್ನು ತೊಡೆಯ ಮೇಲೆ ಮಾತ್ರ ಇಡುವಂತಾಗುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಬಿದ್ದಾಗ, ಪೆಟ್ಟು ಬೀಳದಿದ್ದರೂ ಏಳಲಾಗದೆ ಗಂಟೆಗಟ್ಟಲೆ ನೆಲದ ಮೇಲೆಯೇ ಉಳಿಯಬೇಕಾಗುವ ಹಿರಿಯರಿದ್ದಾರೆ. ಮಕ್ಕಳು ಬೆಂಗಳೂರಿಗೋ ಪುಣೆಗೋ ಹೋಗಿ ತಂದೆತಾಯಿ ಮಾತ್ರ ಊರಿನಲ್ಲಿರುವ ಮನೆಗಳಲ್ಲಿ ಈ ಒಂದು ಅಭ್ಯಾಸವನ್ನಾದರೂ ಕಲಿತಿರಬೇಕು ಎಂಬುದು ನಮ್ಮ ಕೋರಿಕೆ.

ಎಷ್ಟು, ಎಂದು, ಹೇಗೆ

ವಾರಕ್ಕೆ ಎರಡು ದಿನದಿಂದ ಆರಂಭಿಸಿ ಒಂದು ತಿಂಗಳ ಮೇಲೆ ಮೂರು ದಿನ ಮಾಡಬಹುದು. ಎರಡು ದಿನಗಳ ನಡುವೆ ಒಂದು ದಿನದ ಬಿಡುವು ಇರಲಿ. ಪ್ರತಿ ವ್ಯಾಯಾಮವನ್ನು 8ರಿಂದ 12 ಸಲ ಮಾಡಿದರೆ ಒಂದು ಸುತ್ತು. ಮೊದಲ ಎರಡು ವಾರ ಒಂದೇ ಸುತ್ತು, ಆಮೇಲೆ ಎರಡು ಸುತ್ತು. ಸುತ್ತುಗಳ ನಡುವೆ ಒಂದೆರಡು ನಿಮಿಷ ಕುಳಿತುಕೊಳ್ಳಬೇಕು. ಆರಂಭಕ್ಕೆ ಮೊದಲು ಐದು ನಿಮಿಷ ಮನೆಯೊಳಗೇ ನಡೆದಾಡಿ ಕೈಕಾಲು ಆಡಿಸಿದರೆ ಮೈ ಬೆಚ್ಚಗಾಗುತ್ತದೆ.

ಭಾರ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಸುತ್ತು ಮುಗಿದಾಗ "ಇನ್ನೆರಡು ಮೂರು ಸಲ ಆಗುತ್ತಿತ್ತು, ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ" ಎನ್ನಿಸಬೇಕು. ಇನ್ನೂ ಇಪ್ಪತ್ತು ಸಲ ಮಾಡಬಲ್ಲೆ ಎನ್ನಿಸಿದರೆ ಬಲದ ಎಳೆಗಳು ಎದ್ದೇ ಇಲ್ಲವೆಂದರ್ಥ. ಎರಡು ಸುತ್ತುಗಳಲ್ಲಿಯೂ 12 ಸಲ ಸುಲಭವಾದಾಗ ಭಾರವನ್ನು ತುಸು ಏರಿಸಿ ಎಣಿಕೆಯನ್ನು ಮತ್ತೆ 8ಕ್ಕೆ ಇಳಿಸಬೇಕು. ಅರ್ಧ ಕಿಲೋ, ಒಂದು ಕಿಲೋ ಏರಿಕೆ ಸಾಕು. ಮಾಡಿದ್ದನ್ನು ಒಂದು ವಹಿಯಲ್ಲಿ ಬರೆದಿಡುವ ರೂಢಿ ಬಹಳ ಉಪಯುಕ್ತ. ಏನನ್ನು ಏರಿಸಬೇಕೆಂಬುದು ನೆನಪಿನಿಂದ ತಿಳಿಯುವುದಿಲ್ಲ.

ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದು. ಬಿಗಿಹಿಡಿದು ಭಾರ ಎತ್ತಿದಾಗ ರಕ್ತದೊತ್ತಡ ಒಮ್ಮೆಗೇ ಮೇಲೇರುತ್ತದೆ. ಏಳುವಾಗ, ತಳ್ಳುವಾಗ, ಎತ್ತುವಾಗ ಬಾಯಿಂದ ಉಸಿರು ಬಿಡಬೇಕು, ಇಳಿಯುವಾಗ ತೆಗೆದುಕೊಳ್ಳಬೇಕು. ಎಣಿಕೆಯನ್ನು ಗಟ್ಟಿಯಾಗಿ ಹೇಳುತ್ತ ಮಾಡಿದರೆ ಉಸಿರು ಕಟ್ಟುವ ಪ್ರಶ್ನೆಯೇ ಬರುವುದಿಲ್ಲ. ನೆಲ ಒಣಗಿರಲಿ. ಸೀರೆಯ ನೆರಿಗೆ, ಪಂಚೆಯ ಅಂಚು ಕಾಲಿಗೆ ಸಿಕ್ಕದಂತೆ ಕಟ್ಟಿಕೊಳ್ಳಬೇಕು. ಪಾದ ಜೋಮು ಹಿಡಿಯುವ ಸಕ್ಕರೆ ಕಾಯಿಲೆಯವರು ಬರಿಗಾಲಿನಲ್ಲಿ ಮಾಡದೆ ಹಿಡಿತವಿರುವ ಪಾದರಕ್ಷೆ ಹಾಕಿಕೊಳ್ಳಲಿ.

ಮೊದಲ ವಾರದಲ್ಲಿ ವ್ಯಾಯಾಮದ ಮರುದಿನ, ಅದರ ಮರುದಿನ ತೊಡೆ ತೋಳುಗಳು ನೋಯುತ್ತವೆ. ಇದು ಹಳೆಯ ಕೆಲಸ ಬಿಟ್ಟ ಸ್ನಾಯುವಿನ ಸಹಜ ನೋವು, ಎರಡು ಮೂರು ದಿನಗಳಲ್ಲಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು, ಊತ, ಕಾಲಿಗೆ ಹರಿಯುವ ಬೆನ್ನುನೋವು ಕಂಡರೆ ನಿಲ್ಲಿಸಬೇಕು. ಎದೆ ಬಿಗಿತ, ತಲೆಸುತ್ತು, ಹಿಂದೆಂದೂ ಇಲ್ಲದಷ್ಟು ಏದುಸಿರು ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಊಟದ ಲೆಕ್ಕ

ಸ್ನಾಯುವನ್ನು ಕಟ್ಟುವ ಸಾಮಗ್ರಿ ಪ್ರೋಟೀನ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದಂತೆ ವಯಸ್ಕರಿಗೆ ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಬೇಕು. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ. ಹಿರಿಯರಿಗೆ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಒಳ್ಳೆಯದೆಂದು ವೃದ್ಧಾಪ್ಯ ತಜ್ಞರು ಹೇಳುತ್ತಾರೆ. ಸಸ್ಯಾಹಾರದಲ್ಲಿ ಇಷ್ಟು ದೊರೆಯುವುದಿಲ್ಲ ಎಂಬುದು ತಪ್ಪು ಕಲ್ಪನೆ. ದೊರೆಯುತ್ತದೆ, ಆದರೆ ತಾನಾಗಿಯೇ ದೊರೆಯುವುದಿಲ್ಲ. ನಾಲ್ಕು ಜೋಳದ ರೊಟ್ಟಿಯ 200 ಗ್ರಾಂ ಹಿಟ್ಟಿನಿಂದ 20 ಗ್ರಾಂ, ಒಂದು ಹಿಡಿ ತೊಗರಿಬೇಳೆಯಿಂದ ಆರೇಳು ಗ್ರಾಂ, ಎರಡು ಮೂರು ಚಮಚ ಶೇಂಗಾ ಚಟ್ನಿಯಿಂದ ಸುಮಾರು 5 ಗ್ರಾಂ. ಇಲ್ಲಿಗೆ 31 ಅಥವಾ 32 ಗ್ರಾಂ ಆಯಿತು. ಹೆಚ್ಚಿನ ಮನೆಗಳ ಊಟ ಇಲ್ಲಿಯೇ ನಿಲ್ಲುತ್ತದೆ. 50 ಗ್ರಾಂ ಹೆಸರುಕಾಳನ್ನು ಮೊಳಕೆ ಬರಿಸಿ ಉಸಳಿ ಮಾಡಿದರೆ ಇನ್ನು 11 ಗ್ರಾಂ, ಹಾಲು ಮೊಸರು ಸೇರಿ ಅರ್ಧ ಲೀಟರ್ ಆದರೆ 16 ಗ್ರಾಂ ಸೇರಿ 58 ಗ್ರಾಂ ದಾಟುತ್ತದೆ. ಹುರುಳಿ, ಮಡಕೆಕಾಳು, ಕಡಲೆ ಯಾವುದಾದರೂ ಆದೀತು. ವಯಸ್ಸಾದವರು ರಾತ್ರಿ ಬರೀ ಅನ್ನ-ಸಾರು ಅಥವಾ ಗಂಜಿ ಉಂಡು ಮಲಗುವ ರೂಢಿಯನ್ನು ಬದಲಿಸಿ ಅದಕ್ಕೊಂದು ಬಟ್ಟಲು ಕಾಳಿನ ಪಲ್ಯವನ್ನು ಸೇರಿಸಿಕೊಳ್ಳಬೇಕು. ಡಬ್ಬಿಯ ಪ್ರೋಟೀನ್ ಪುಡಿಗೆ ಆರಂಭಿಕರು ಹಣ ಸುರಿಯುವ ಅಗತ್ಯ ನಮಗೆ ಕಾಣುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಮದುವೆ, ಜಾತ್ರೆ, ಸುಗ್ಗಿ ಎಂದು ಒಂದೆರಡು ವಾರ ತಪ್ಪಿದರೆ ಗಳಿಸಿದ್ದೆಲ್ಲ ಹೋಗುವುದಿಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದಾಗ ಮಾತ್ರ ನಷ್ಟ ಬೇಗ ಆಗುತ್ತದೆ. ಆರೋಗ್ಯವಂತ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲಿಯೇ ಇರಿಸಿ ನಡೆಸಿದ, 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವರ ಕಾಲುಗಳಿಂದ ಸರಾಸರಿ ಒಂದು ಕಿಲೋದಷ್ಟು ಸ್ನಾಯು ಕರಗಿತ್ತು. ಆದುದರಿಂದ ಜ್ವರ ಇಳಿದು ವೈದ್ಯರು ಒಪ್ಪಿದ ಕೂಡಲೇ, ಹಿಂದಿನ ಅರ್ಧ ಭಾರದಿಂದ, ಒಂದೇ ಸುತ್ತಿನಿಂದ ಮತ್ತೆ ತೊಡಗಬೇಕು. ಮೂರು ತಿಂಗಳು ತುಂಬಿದ ದಿನ ಅದೇ ಕುರ್ಚಿಯನ್ನು ಅದೇ ಗೋಡೆಗೆ ಆನಿಸಿ 30 ಸೆಕೆಂಡುಗಳ ಎಣಿಕೆಯನ್ನು ಮತ್ತೊಮ್ಮೆ ಮಾಡಿ, ಮೊದಲು ಬರೆದಿಟ್ಟ ಅಂಕಿಯ ಪಕ್ಕದಲ್ಲಿ ಬರೆದುಕೊಳ್ಳಬೇಕು.